ಮೂಸ್ ಬೇಟೆಗೆ ನಾನು ಕಟ್ಟಿದ ಬುತ್ತಿ

ಬುತ್ತಿ ಕಟ್ಟುವ ವಿದ್ಯೆಯಲ್ಲಿ ನನಗೆ ಸಮಾನರಿಲ್ಲ ಎಂಬ ನಂಬಿಕೆ ನನಗೆ ಮೊದಲಿನಿಂದಲೂ ಇತ್ತು. ಬೆಂಗಳೂರಿನಲ್ಲಿದ್ದಾಗ ಆಫೀಸಿನವರು ಯಾವ ಬೆಟ್ಟಕ್ಕೆ ಚಾರಣ ಹೊರಟರೂ ಊಟದ ಉಸ್ತುವಾರಿ ನನ್ನದೇ. ತುದಿ ಮುಟ್ಟದೆ ವಾಪಸು ಬಂದವರಿದ್ದಾರೆ, ಹಸಿದು ವಾಪಸು ಬಂದವರಿಲ್ಲ. ಹೀಗಾಗಿ ಈಗ ಸ್ವೀಡನ್ನಿನ ಕಿಸ್ಟಾದ ನಮ್ಮ ಆಫೀಸಿನಲ್ಲಿ ಫಿಕಾ ಹೊತ್ತಿಗೆ, ಎಂದರೆ ಎಲ್ಲರೂ ಕೆಲಸ ಬಿಟ್ಟು ಕಾಫಿಗೆ ಕೂರುವ ಆ ಪವಿತ್ರ ವೇಳೆಯಲ್ಲಿ, ಆಂಡರ್ಸ್ "ಶನಿವಾರ ಮೂಸ್ ಬೇಟೆಗೆ ಬರ್ತೀಯಾ?" ಎಂದಾಗ ನನ್ನ ತಲೆಗೆ ಮೊದಲು ಹೊಳೆದದ್ದು ಬಂದೂಕಲ್ಲ, ಪುಳಿಯೋಗರೆ.

ಆಂಡರ್ಸ್ ನನ್ನ ಪಕ್ಕದ ಮೇಜಿನವನು. ಸಾಫ್ಟ್‌ವೇರಿನಲ್ಲಿ ಎಂಥ ದೋಷ ಅಡಗಿದ್ದರೂ ಹುಡುಕಿ ತೆಗೆಯುತ್ತಾನೆ. ಆದರೆ ಕಾಡಿನಲ್ಲಿ ಅವನಿಗೆ ಅಲ್ಲಿಯವರೆಗೂ ಒಂದೂ ಮೂಸ್ ಸಿಕ್ಕಿರಲಿಲ್ಲ. ಮೂಸ್ ಎಂದರೆ ಜಿಂಕೆ ಜಾತಿಯದು, ಎತ್ತರದಲ್ಲಿ ಕುದುರೆಗೂ ಮಿಗಿಲು. ಅಷ್ಟು ದೊಡ್ಡದು ಕಣ್ಣಿಗೆ ಬೀಳದಿರುವುದು ಹೇಗೆ ಎಂದು ಕೇಳುವುದು ಸುಲಭ. ಅವನ ಅತ್ತೆಯೂ ಅದನ್ನೇ ಕೇಳುತ್ತಿದ್ದರು. ಅತ್ತೆಯ ಹೆಸರು ಗುನ್ನೆಲ್. ಅವರ ಹಳ್ಳಿಯ ಬೇಟೆ ತಂಡಕ್ಕೆ ಅವರೇ ಮುಖ್ಯಸ್ಥೆ. ಮನೆಯಲ್ಲಿ ಹಬ್ಬದೂಟಕ್ಕೆ ಕೂತಾಗಲೆಲ್ಲ ಮೂಸ್ ಮಾಂಸದ ತಟ್ಟೆಯನ್ನು ಅಳಿಯನ ಕಡೆಗೆ ಸರಿಸುತ್ತಾ, "ತಗೋ ಆಂಡರ್ಸ್, ಬೇರೆಯವರು ಹೊಡೆದದ್ದು" ಎನ್ನುತ್ತಿದ್ದರಂತೆ. ಈ ಸಲ ಕೊನೆಗೂ ಅವನಿಗೆ ಒಳ್ಳೆಯ ಜಾಗ ಕೊಟ್ಟಿದ್ದರು. ಜೊತೆಗೆ ಒಬ್ಬ ಅತಿಥಿಯನ್ನು ಕರೆತರಲು ಅಪ್ಪಣೆಯೂ ಸಿಕ್ಕಿತ್ತು.

"ನೀನು ನನ್ನ ಪಕ್ಕ ಕೂತಿದ್ದರೆ ಸಾಕು," ಎಂದ. "ಊಟ, ನೀರು, ಬೆಚ್ಚಗಿನ ಬಟ್ಟೆ ತಗೊಂಡು ಬಾ. ಮುಖ್ಯ ಏನಂದ್ರೆ, ಶಬ್ದ ಮಾಡಬಾರದು."

"ಊಟದ ಚಿಂತೆ ನನಗೆ ಬಿಡು," ಎಂದೆ. ಶಬ್ದದ ವಿಚಾರ ನನ್ನ ಕಿವಿಯೊಳಗೆ ಇಳಿದಿರಲಿಲ್ಲ.

ಸೋಲ್ನಾದ ಮನೆಗೆ ಬಂದು ಹೆಂಡತಿ ವಿದ್ಯಾಗೆ ಹೇಳಿದೆ. ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

"ರೀ, ಮೊಟ್ಟೆ ಕೂಡ ತಿನ್ನಲ್ಲ ನೀವು. ಬೇಟೆಗೆ ಹೋಗಿ ಏನ್ ಮಾಡ್ತೀರಾ?"

"ನೋಡೋಕೆ ಹೋಗ್ತಿರೋದು ಕಣೇ, ತಿನ್ನೋಕಲ್ಲ. ಲೋಕಲ್ ಕಲ್ಚರ್ ತಿಳ್ಕೋಬೇಕು."

"ಸರಿ, ಎರಡು ಸ್ಯಾಂಡ್‌ವಿಚ್ ಮಾಡ್ಕೊಡ್ತೀನಿ."

ಸ್ಯಾಂಡ್‌ವಿಚ್ ಎಂಬ ಮಾತು ನನ್ನ ಆತ್ಮಗೌರವಕ್ಕೆ ತಗುಲಿತು. ಅಡಿಗೆಮನೆಯನ್ನು ನಾನೇ ವಶಕ್ಕೆ ತೆಗೆದುಕೊಂಡೆ. ಅಮ್ಮ ಕಳಿಸಿದ್ದ ಗೊಜ್ಜಿನಲ್ಲಿ ಪುಳಿಯೋಗರೆ ಕಲಸಿ ಸ್ಟೀಲ್ ಕ್ಯಾರಿಯರ್‌ಗೆ ತುಂಬಿದೆ. ಮೇಲಿನ ಡಬ್ಬಿಗೆ ಮೊಸರನ್ನ. ಬಾಯಾಡಿಸಲು ಕೋಡುಬಳೆ. ಚಳಿಗೆಂದು ಫ್ಲಾಸ್ಕಿನ ತುಂಬ ಮೆಣಸಿನ ಸಾರು. ಇಂಗಿನ ಒಗ್ಗರಣೆ ಹಾಕುವಾಗ, ಬೇಟೆಗೆಂದೇ ಕೊಂಡ ಹೊಸ ಜಾಕೆಟ್ಟು ಅಡಿಗೆಮನೆಯ ಬಾಗಿಲಿಗೇ ನೇತಾಡುತ್ತಿತ್ತು. ಅದನ್ನು ಅಲ್ಲಿ ನೇತುಹಾಕಿದವನೂ ನಾನೇ.

"ನೀರು?" ಎಂದಳು ವಿದ್ಯಾ.

"ಎಲ್ಲಕ್ಕಿಂತ ಮುಖ್ಯವಾದದ್ದೇ ನೀರು. ಅನ್ನ ಇಲ್ಲದೆ ಇರಬಹುದು, ನೀರಿಲ್ಲದೆ ಕಷ್ಟ," ಎಂದು ಒಂದು ಪುಟ್ಟ ಉಪನ್ಯಾಸ ಕೊಟ್ಟು, ಎರಡು ದೊಡ್ಡ ಬಾಟಲಿ ತುಂಬಿ, ಮರೆಯದಿರಲಿ ಎಂದು ಕಣ್ಣಿಗೆ ಕಾಣುವಂತೆ ಕಟ್ಟೆಯ ಮೇಲೆ ಇಟ್ಟೆ.

ಶನಿವಾರ ಬೆಳಿಗ್ಗೆ ನಾನು ಕಾರು ಹತ್ತಿದ ಕೂಡಲೇ ಆಂಡರ್ಸ್ ಕಿಟಕಿ ಇಳಿಸಿದ. ಹೊರಗೆ ಕೊರೆಯುವ ಚಳಿ. ಸ್ವೀಡಿಷರು ಸಭ್ಯ ಜನ, ಕಾರಣ ಹೇಳಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, "ಮೂಸ್‌ಗೆ ಮೂಗು ಬಹಳ ಚುರುಕು" ಎಂದು ರಸ್ತೆ ನೋಡುತ್ತಲೇ ಹೇಳಿದ. ಪ್ರಾಣಿಶಾಸ್ತ್ರ ಕಲಿಸುತ್ತಿದ್ದಾನೆ ಎಂದುಕೊಂಡು ತಲೆಯಾಡಿಸಿದೆ.

ಹಳ್ಳಿಯಲ್ಲಿ ತಂಡ ಬೆಂಕಿಯ ಸುತ್ತ ನಿಂತಿತ್ತು. ಗುನ್ನೆಲ್ ಎತ್ತರದ, ಬೆಳ್ಳಿ ಕೂದಲಿನ ಹೆಂಗಸು. ಯಾರು ಎಲ್ಲಿ ಕೂರಬೇಕೆಂದು ಹೇಳಿ, ಒಂದೊಂದು ಜಾಗಕ್ಕೆ ಒಂದೊಂದು ರೇಡಿಯೊ ಕೊಟ್ಟರು. ಗುಂಡಿ ಒತ್ತಿ ಮಾತಾಡಿದರೆ ಕಾಡಿನಲ್ಲಿರುವ ಅಷ್ಟೂ ಜನಕ್ಕೆ ಕೇಳಿಸುತ್ತದೆ. "ಅಗತ್ಯವಿದ್ದರೆ ಮಾತ್ರ ಮಾತು," ಎಂದರು. ಆಮೇಲೆ ನನ್ನ ಚೀಲವನ್ನು ನೋಡಿದರು. "ಎಷ್ಟು ದಿನ ಇರ್ತೀಯಾ?" ಎಂದು ಕೇಳಿದರು.

ನಮ್ಮ ಜಾಗ ಒಂದು ಮರದ ಅಟ್ಟಣೆ. ಎದುರಿಗೆ ಬಯಲು, ಆಚೆ ಕಾಡು. ಆಂಡರ್ಸ್ ಬೆಕ್ಕಿನಂತೆ ಏಣಿ ಹತ್ತಿದ. ಬೆನ್ನ ಮೇಲೆ ಚೀಲ ಹೊತ್ತು ನಾನೂ ಹತ್ತಿದೆ. ಹೊಸ ಜಾಕೆಟ್ಟು ಒಂದೊಂದು ಮೆಟ್ಟಿಲಿಗೂ ಒಣಗಿದ ಬಾಳೆಲೆಯಂತೆ ಸದ್ದು ಮಾಡುತ್ತಿತ್ತು. ಅರ್ಧ ದಾರಿಯಲ್ಲಿ ಕ್ಯಾರಿಯರಿನ ಮೇಲಿನ ಡಬ್ಬಿ ಚೀಲದಿಂದ ಜಾರಿ, ಏಣಿಯ ಎಲ್ಲ ಮೆಟ್ಟಿಲುಗಳನ್ನೂ ಮಾತಾಡಿಸಿಕೊಂಡು ಕೆಳಗೆ ಬಿತ್ತು. ಮೊಸರನ್ನ ಪಾಚಿಯ ಮೇಲೆ ಹರಡಿಕೊಂಡಿತು. ಮರದ ಮೇಲಿದ್ದ ಕಾಗೆಗಳೆಲ್ಲ ಎದ್ದು ಹಾರಿಹೋದವು.

"ಪರವಾಗಿಲ್ಲ," ಎಂದ ಆಂಡರ್ಸ್. ಅವನ ಮುಖ ಪರವಾಗಿಲ್ಲ ಎನ್ನುತ್ತಿರಲಿಲ್ಲ.

ಅವನು ರೇಡಿಯೊವನ್ನು ಬೆಂಚಿನ ಮೇಲಿಟ್ಟ. ನಾನು ಚೀಲವನ್ನು ಅದರ ಪಕ್ಕದಲ್ಲಿ ಇಟ್ಟೆ. ಪಕ್ಕದಲ್ಲೇ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ತುಂಬ ಹೊತ್ತು ಕೂತೆವು. ಏನೂ ಬರಲಿಲ್ಲ. ಬೇಟೆ ಎಂದರೆ ಬಹುಪಾಲು ಕಾಯುವುದೇ ಎಂದು ನನಗೆ ಯಾರೂ ಹೇಳಿರಲಿಲ್ಲ. ಕಾಯುವಾಗ ನನ್ನ ಕೈ ತಾನಾಗಿಯೇ ಡಬ್ಬಿಯ ಕಡೆ ಹೋಗುತ್ತದೆ. ಒಂದು ಕೋಡುಬಳೆ ಬಾಯಿಗಿಟ್ಟು ಕಡಿದೆ. ಆ ನಿಶ್ಶಬ್ದದಲ್ಲಿ ಅದು ಕೊಂಬೆ ಮುರಿದಂತೆ ಕೇಳಿಸಿತು. ಆಂಡರ್ಸ್ ನಡುಗಿದ. ಅವನ ಕೈಗೂ ಒಂದು ಕೊಟ್ಟೆ. ಪಾಪ, ಅವನೂ ಕಡಿದ.

"ಇವತ್ತು ರೇಡಿಯೊದಲ್ಲಿ ಯಾರದ್ದೂ ಮಾತೇ ಇಲ್ಲ," ಎಂದು ಪಿಸುಗುಟ್ಟಿದ. "ತಂಡ ಶಿಸ್ತು ಕಲಿತಿದೆ."

"ನಿಮ್ಮತ್ತೆ ಭಾರೀ ಸ್ಟ್ರಿಕ್ಟ್ ಅಲ್ವಾ?" ಎಂದೆ.

ಪುಳಿಯೋಗರೆ ತಿನ್ನುತ್ತಾ ಆಂಡರ್ಸ್ ಮನಸ್ಸು ಬಿಚ್ಚಿದ. ಆಫೀಸಿನಲ್ಲಿ ಹವಾಮಾನ ಬಿಟ್ಟು ಬೇರೇನೂ ಮಾತಾಡದ ಮನುಷ್ಯ. ಗೊಜ್ಜಿನ ಮಹಿಮೆಯೇ ಇರಬೇಕು. "ನನ್ನನ್ನ ಇಷ್ಟು ಆಡಿಕೊಳ್ತಾರಲ್ಲ, ಅವರಿಗೇ ಈಗ ಕಣ್ಣು ಸರಿಯಾಗಿ ಕಾಣಲ್ಲ. ಹೋದ ವಾರ ಅಂಚೆ ಡಬ್ಬಕ್ಕೆ ಗುಡ್ ಮಾರ್ನಿಂಗ್ ಹೇಳಿದ್ರು. ತಂಡದಲ್ಲಿ ಎಲ್ಲರಿಗೂ ಗೊತ್ತು. ಹೇಳೋ ಧೈರ್ಯ ಯಾರಿಗೂ ಇಲ್ಲ."

"ನೀನಾದ್ರೂ ಹೇಳು."

"ನಾನಾ? ನನಗೆ ಬದುಕೋ ಆಸೆ ಇದೆ."

ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕೆವು. ಆಗ ನನಗೆ ಬಾಯಾರಿಕೆ ಶುರುವಾಯಿತು. ಚೀಲದೊಳಗೆ ಕೈ ಹಾಕಿ ತಡಕಾಡಿದೆ. ನೀರಿಲ್ಲ. ಜೇಬಿನಲ್ಲಿ ಫೋನು ಮೆಲ್ಲಗೆ ಅದುರಿತು. ವಿದ್ಯಾ ಒಂದು ಫೋಟೊ ಕಳಿಸಿದ್ದಳು. ಅಡಿಗೆಮನೆಯ ಕಟ್ಟೆ, ಅದರ ಮೇಲೆ ಎರಡು ಬಾಟಲಿ. ಕೆಳಗೆ, "ಎಲ್ಲಕ್ಕಿಂತ ಮುಖ್ಯವಾದದ್ದು."

ಆಂಡರ್ಸ್ ತಾನು ತಂದಿದ್ದ ಕಾಫಿಯನ್ನು ಆಗಲೇ ಕುಡಿದು ಮುಗಿಸಿದ್ದ. ಉಳಿದಿದ್ದದ್ದು ನನ್ನ ಸಾರು. ಖಾರಕ್ಕೆ ಖಾರವೇ ಮದ್ದಾಗಬಹುದು ಎಂಬ ಹೊಸ ಸಿದ್ಧಾಂತವನ್ನು ಆ ಅಟ್ಟಣೆಯ ಮೇಲೆ ಪ್ರಯೋಗಿಸಿದೆ. ಒಂದು ಲೋಟ ಬಿಸಿ ಸಾರು ಗಂಟಲಿನಲ್ಲಿ ಇಳಿಯಿತು. ಮರುಕ್ಷಣವೇ ಬಿಕ್ಕಳಿಕೆ ಹತ್ತಿತು.

ಸರಿಯಾಗಿ ಆಗಲೇ ದೂರದಲ್ಲಿ ತಂಡದ ಬೇಟೆನಾಯಿ ಬೊಗಳಿತು. ಆಂಡರ್ಸ್ ಬಂದೂಕು ಎತ್ತಿಕೊಂಡ. ಕಾಡಿನ ಅಂಚಿನ ಒಂದು ತುಂಡೇ ಕಳಚಿ ನಡೆದು ಬಂದಂತೆ ಮೂಸ್ ಹೊರಗೆ ಬಂತು. ಅಷ್ಟು ದೊಡ್ಡ ಜೀವ ಅಷ್ಟು ಮೆಲ್ಲಗೆ ಹೆಜ್ಜೆ ಇಡುತ್ತದೆಂದು ನಾನು ಎಣಿಸಿರಲಿಲ್ಲ. ನಾನು ಉಸಿರು ಬಿಗಿ ಹಿಡಿದೆ. ಮೂಗು ಹಿಡಿದೆ. ಇಷ್ಟದೇವರನ್ನು ನೆನೆದೆ. ಆಂಡರ್ಸನ ಕೆನ್ನೆ ಬಂದೂಕಿಗೆ ತಾಗಿತು. ಮೂಸ್ ಇನ್ನೊಂದು ಹೆಜ್ಜೆ ಇಟ್ಟು ಪಕ್ಕಕ್ಕೆ ತಿರುಗಿ ನಿಂತಿತು.

"ಹಿಕ್," ಎಂದೆ.

ಅದು ತಲೆ ಎತ್ತಿ ನನ್ನನ್ನೇ ನೋಡಿತು. ಕೋಪವಿರಲಿಲ್ಲ, ಭಯವೂ ಇರಲಿಲ್ಲ. ಮೂಗು ಅರಳಿಸಿ ಇಂಗಿನ ಗಾಳಿಯನ್ನು ಒಮ್ಮೆ ಎಳೆದುಕೊಂಡಿತು. ಆಮೇಲೆ ತಿರುಗಿ, ಅಷ್ಟು ಕಾಲುಗಳನ್ನೂ ಒಟ್ಟಿಗೆ ಬಳಸಿ, ಕಾಡಿನೊಳಗೆ ಓಡಿಹೋಯಿತು.

ಆಂಡರ್ಸ್ ಬಂದೂಕು ಇಳಿಸಿದ. ಅವನು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ನಾನು ಕೆಳಗೆ ಹೋಗಿ ಕೂರ್ತೀನಿ," ಎಂದು ಚೀಲ ಎತ್ತಿದೆ. ಎತ್ತಿದ್ದೇ ತಡ, ಚೀಲದಡಿಯಲ್ಲಿದ್ದ ರೇಡಿಯೊಗೆ ಜೀವ ಬಂತು. ಒಂದೇ ಸಮನೆ ಹತ್ತಾರು ದನಿಗಳು. ಯಾರೋ ಬಿದ್ದು ಬಿದ್ದು ನಗುತ್ತಿದ್ದರು. ಅಷ್ಟೂ ಹೊತ್ತು ಚೀಲ ಆ ಗುಂಡಿಯನ್ನು ಒತ್ತಿಕೊಂಡು ಕೂತಿತ್ತು. ಗುಂಡಿ ಒತ್ತಿದಷ್ಟು ಹೊತ್ತು ಬೇರೆಯವರ ಮಾತು ನಮಗೆ ಕೇಳಿಸುವುದಿಲ್ಲ. ಕೋಡುಬಳೆಯ ಸದ್ದಿನಿಂದ ಹಿಡಿದು ಅಂಚೆ ಡಬ್ಬದವರೆಗೆ ಎಲ್ಲವೂ ಕಾಡಿನಾದ್ಯಂತ ನೇರ ಪ್ರಸಾರವಾಗಿತ್ತು.

ಎಲ್ಲ ದನಿಗಳೂ ಅಡಗಿದ ಮೇಲೆ ಗುನ್ನೆಲ್ ಒಂದೇ ಮಾತು ಹೇಳಿದರು. "ಆಂಡರ್ಸ್, ಬೆಂಕಿಯ ಹತ್ತಿರ ಬಾ."

ದಾರಿಯುದ್ದಕ್ಕೂ ನಮ್ಮಲ್ಲಿ ಮಾತಾಡಿದ್ದು ನನ್ನ ಜಾಕೆಟ್ಟು ಮಾತ್ರ. ಆಂಡರ್ಸ್ ಬಿಳಿಚಿಕೊಂಡಿದ್ದ. ಗುನ್ನೆಲ್ ಮರದ ದಿಮ್ಮಿಯ ಮೇಲೆ ಕೂತು ಬೆಂಕಿಯನ್ನು ನೋಡುತ್ತಿದ್ದರು. ತಂಡದವರೆಲ್ಲ ತಮ್ಮ ತಮ್ಮ ಬೂಟುಗಳನ್ನು ಪರೀಕ್ಷಿಸುತ್ತಿದ್ದರು.

"ತಪ್ಪು ನಂದು ಮೇಡಂ, ಚೀಲ ನಂದು," ಎಂದು ಶುರು ಮಾಡಿದೆ. ಅವರು ಕೈ ಎತ್ತಿ ತಡೆದರು.

"ನಿಮ್ಮಿಂದ ತಪ್ಪಿಸಿಕೊಂಡ ಮೂಸ್ ನನ್ನ ಮುಂದೆಯೇ ಹೋಯ್ತು," ಎಂದರು. "ಹತ್ತಿರದಲ್ಲೇ. ತಾಯಿಯೋ ಮರಿಯೋ ನನಗೆ ಗೊತ್ತಾಗಲಿಲ್ಲ. ಗೊತ್ತಾಗದಿದ್ದರೆ ಗುಂಡು ಹಾರಿಸಬಾರದು ಅಂತ ನಿಮಗೆಲ್ಲ ಕಲಿಸಿದವಳು ನಾನೇ. ಹಾರಿಸಲಿಲ್ಲ." ಅಳಿಯನ ಕಡೆ ತಿರುಗಿದರು. "ನನಗೂ ಗೊತ್ತಿತ್ತು. ಯಾರಾದರೂ ಹೇಳಲಿ ಅಂತ ಕಾಯ್ತಾ ಇದ್ದೆ. ಮುಖಕ್ಕೇ ಹೇಳಬಹುದಿತ್ತು."

"ಹೇಳಬೇಕಿತ್ತು," ಎಂದ ಆಂಡರ್ಸ್. "ಸೋಮವಾರ ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರ್ಕೊಂಡು ಹೋಗ್ತೀನಿ."

ಗುನ್ನೆಲ್ ದಿಮ್ಮಿಯ ಮೇಲೆ ಸರಿದು ಅವನಿಗೆ ಜಾಗ ಮಾಡಿಕೊಟ್ಟರು. ಅಲ್ಲಿಯವರೆಗೆ ಅವರ ಪಕ್ಕದಲ್ಲಿ ಅಳಿಯ ಕೂತದ್ದನ್ನು ನೋಡಿದವರಿರಲಿಲ್ಲವಂತೆ. ಆಮೇಲೆ ನನ್ನ ಕಡೆ ಕೈ ಚಾಚಿ, "ಅಷ್ಟು ಸದ್ದು ಮಾಡಿದ ತಿಂಡಿ ಯಾವುದು, ಕೊಡು" ಎಂದರು. ಕೋಡುಬಳೆ ಸುತ್ತು ಹೊಡೆಯಿತು, ಡಬ್ಬಿ ಖಾಲಿಯಾಯಿತು. ನನಗೆ ಯಾರೋ ನೀರು ಕೊಟ್ಟರು. ಮೂಸ್ ಮಾತ್ರ ಆ ದಿನ ಯಾರಿಗೂ ಸಿಗಲಿಲ್ಲ.

ಕೆಲವು ದಿನಗಳ ಮೇಲೆ ಫಿಕಾದಲ್ಲಿ ಆಂಡರ್ಸ್ ಸುದ್ದಿ ತಂದ. ಗುನ್ನೆಲ್ ಅವರ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಆದರೆ ಸರಿಹೋಗುತ್ತದೆ. ಮತ್ತೆ, ಮುಂದಿನ ವರ್ಷದಿಂದ ನಾನು ತಂಡದ ಸದಸ್ಯ. ಅವರೇ ಖುದ್ದಾಗಿ ಹೇಳಿದ್ದಾರಂತೆ. ಎದೆ ಉಬ್ಬಿಸಿಕೊಂಡು ಮನೆಗೆ ಬಂದು ವಿದ್ಯಾಗೆ ಹೇಳಿದೆ.

"ನಿಮಗೆ ಬಂದೂಕು ಕೊಡ್ತಾರಾ?" ಎಂದಳು ಗಾಬರಿಯಿಂದ.

"ಬಂದೂಕಿಲ್ಲ. ಕಾಡಿನ ಆ ತುದಿಯಿಂದ ಈ ತುದಿಗೆ ನಡ್ಕೊಂಡು ಬರಬೇಕು. ನನಗೆ ಹೆದರಿಕೊಂಡು ಮೂಸ್‌ಗಳು ಬೇಟೆಗಾರರ ಕಡೆ ಓಡಬೇಕು. ಜವಾಬ್ದಾರಿಯ ಕೆಲಸ ಕಣೇ."

"ಅದಕ್ಕೇನಾದ್ರೂ ಟ್ರೈನಿಂಗ್ ಇರುತ್ತಾ?"

"ನಾನೂ ಅದನ್ನೇ ಕೇಳಿದೆ," ಎಂದೆ. "ಬೇರೆಯವರಿಗೆ ಬೇಕಾಗುತ್ತಂತೆ. ನಾನು ಹೇಗಿದೀನೋ ಹಾಗೇ ಬಂದ್ರೆ ಸಾಕಂತೆ."