ಗುಡ್ಡ ಗುಡುಗಿಸಿದ ಪೆಟ್ಟಿಗೆ

ಹೊಸ ಸಬ್‌ವೂಫರ್ ಸ್ಪೀಕರನ್ನು ಮೊದಲು ಐದಾರು ಗಂಟೆ ಬಿಡದೆ ಗುಂಯ್‌ಗುಡಿಸಿದರೆ ಅದರೊಳಗಿನ ಕಾಗದದ ಕೋನು ಸಡಿಲಾಗಿ ದನಿ ಇನ್ನೂ ಆಳಕ್ಕಿಳಿಯುತ್ತದೆ ಎಂಬುದು ಬಣಕಲ್ಲಿನಲ್ಲಿ ರೇಡಿಯೋ ರಿಪೇರಿ ಮಾಡುವ ಧರ್ಮೇಶನ ನಂಬಿಕೆ. ಭಾನುವಾರ ಬೆಳಿಗ್ಗೆ ಪೆಟ್ಟಿಗೆಯನ್ನು ಮನೆಯ ಮೂಲೆಗೆ ಒತ್ತಿಟ್ಟು, ಬರೀ ದಪ್ಪ ದನಿಯ ಬಾಸ್ ಹಚ್ಚಿ, ಬೀಗ ಹಾಕಿ ಅಂಗಡಿಗೆ ಹೋದ.

ಮಧ್ಯಾಹ್ನ ಊಟಕ್ಕೆ ಬರುತ್ತಿದ್ದರೆ, ಗುಡ್ಡದ ಬುಡದ ಹನ್ನೊಂದು ಮನೆಯವರೂ ಪಾತ್ರೆ, ಕೋಳಿ, ರೇಷನ್ ಕಾರ್ಡು ಸಮೇತ ಶಾಲೆಯ ಮೈದಾನದಲ್ಲಿ ಕೂತಿದ್ದಾರೆ!

"ಎಂತ ಆಯ್ತು ಅಂಜನಮ್ಮ?"

"ಬೆಳಗ್ಗಿಂದ ಭೂಮಿ ಒಳಗೇ ಗುಂ ಗುಂ ಅಂತೈತೆ ಕಣೋ ಮಗ," ಎಂದಳು ಪಕ್ಕದ ಮನೆಯಾಕೆ. "ಗೂಡಲ್ಲಿರೋ ಲೋಟ ಎಲ್ಲ ನಡುಗ್ತಾವೆ. ಯಾವ ಕಡೆಯಿಂದ ಅಂತ ಹೇಳಕ್ಕೇ ಆಗಲ್ಲ! ಗುಡ್ಡ ಜರಿಯುತ್ತೇನೋ ಅಂತ ಓಡಿಬಂದ್ವಿ."

ಧರ್ಮೇಶನಿಗೆ ತಟ್ಟನೆ ಮೂಲೆಯ ಪೆಟ್ಟಿಗೆ ನೆನಪಾಯಿತು. ತೆಳ್ಳನೆಯ ದನಿ ಗೋಡೆಗೆ ತಾಗಿ ಅಲ್ಲೇ ಸಾಯುತ್ತದೆ, ಬಾಸ್ ಮಾತ್ರ ಗೋಡೆ ದಾಟಿ ನೆಲ ಹಿಡಿದು ಊರು ಸುತ್ತುತ್ತದೆ ಎಂದು ಗಿರಾಕಿಗಳಿಗೆ ದಿನಾ ಕೊರೆಯುತ್ತಿದ್ದವನು ಅವನೇ. ಹಿಂದಿನ ದಾರಿಯಲ್ಲಿ ಕಳ್ಳನಂತೆ ಓಡಿಹೋಗಿ ಸ್ವಿಚ್ ಆರಿಸಿದ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅಂಜನಮ್ಮನ ಬಾಣಂತಿ ಸೊಸೆ ಅರ್ಚನಾ ಎಳೆಗೂಸನ್ನು ಮಡಿಲಲ್ಲಿಟ್ಟುಕೊಂಡು ಮರದಡಿ ಕೂತದ್ದು ಕಣ್ಣಿಂದ ಹೋಗಲಿಲ್ಲ. ಇವರನ್ನೆಲ್ಲ ಮನೆಗೆ ಕಳಿಸಲೇಬೇಕು. ಪೆಟ್ಟಿಗೆ ಹೊತ್ತು ಮೈದಾನಕ್ಕೆ ಬಂದ.

ಅಷ್ಟರಲ್ಲಿ ಗುಡ್ಡದ ಸದ್ದು ವಿಚಾರಿಸಲು ತಾಲೂಕು ಕಚೇರಿಯ ಸಾಹೇಬರು ಬಂದಿದ್ದರು. ಧರ್ಮೇಶ ತಲೆ ತಗ್ಗಿಸಿದ.

"ಸಾರ್, ಗುಡ್ಡದ್ದೇನೂ ತಪ್ಪಿಲ್ಲ. ತಪ್ಪು ನಂದು. ಸದ್ದು ಇದರದ್ದು."

"ಈ ಅಕ್ಕಿ ಡಬ್ಬ ಗುಡ್ಡ ಅಲ್ಲಾಡ್ಸ್ತಾ?" ಎದುರುಮನೆ ಕೆಂಪಯ್ಯ ನಕ್ಕ. "ಎಲ್ಲಿ, ಹಾಕು ಕೇಳಾನ!"

"ಮನೇಲಿ ಹಾಕಿ ತೋರಿಸ್ತೀನಿ..."

"ಆ ಕಡೆ ಒಬ್ಬರೂ ಹೆಜ್ಜೆ ಇಡಂಗಿಲ್ಲ," ಎಂದರು ಸಾಹೇಬರು. ಶಾಲೆಯದೂ ಹಳೇ ಕಟ್ಟಡ, ಒಳಗೆ ಬೇಡವೆಂದರು. ಟೀಚರ್ ಗಿರಿಜಾಂಬಾ ಜಗಲಿಯಿಂದ ಮೈದಾನದ ನಡುವಿಗೆ ವೈರ್ ಎಳೆಸಿಕೊಟ್ಟರು. ಧರ್ಮೇಶ ಕಣ್ಣುಮುಚ್ಚಿ ಸ್ವಿಚ್ ಒತ್ತಿದ.

ಗೋಡೆಯಿಲ್ಲದ ಬಯಲು. ಬಾಸ್ ನಾಲ್ಕೂ ದಿಕ್ಕಿಗೆ ಚೆಲ್ಲಿಹೋಯಿತು. ಪೆಟ್ಟಿಗೆ ಅಜೀರ್ಣವಾದ ಕರುವಿನಂತೆ "ಪುಸ್... ಪುಸ್" ಎಂದಿತು. ಕೆಂಪಯ್ಯನ ಕೋಳಿ ಹಾರಿಬಂದು ಅದರ ಮೇಲೇ ಕೂತಿತು.

"ಮೂಲೆ ಬೇಕು ಸಾರ್! ಗೋಡೆ ಇದ್ರೆ..."

"ಕುಣಿಯಕ್ಕೆ ಬಾರದೋಳು ನೆಲ ಡೊಂಕು ಅಂದ್ಲಂತೆ!" ಎಂದ ಕೆಂಪಯ್ಯ. "ಮಾರಾಯ, ರಿಪೇರಿಗೆ ಕೊಟ್ಟಿದ್ದ ನನ್ನ ರೇಡಿಯೋ ನಾಳೆ ಹಂಗೇ ವಾಪಸ್ ಕೊಟ್ಬಿಡು."

ಮೈದಾನಕ್ಕೆ ಮೈದಾನವೇ ನಕ್ಕಿತು. ಅಂಜನಮ್ಮ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಗಬ್ಯಾಡ್ರೋ. ನಮ್ಮ ಹೆದರಿಕೆ ಹೋಗ್ಲಿ ಅಂತ ತಪ್ಪು ತನ್ನ ಮೇಲೆ ಹಾಕ್ಕಂಡೈತೆ ಪಾಪ. ಎಂಥಾ ಮನಸ್ಸೋ ನಿಂದು!"

ಬೈದಿದ್ದರೆ ಸಹಿಸಬಹುದಿತ್ತು. ಹೊಗಳಿಕೆಗೆ ಅವನ ಕಿವಿ ಸುಟ್ಟುಹೋದವು.

ಸಾಹೇಬರು ಪುಸ್ತಕ ತೆರೆದರು. "ಸದ್ದು ಜಾಸ್ತಿ ಕೇಳಿದ್ದು ಯಾರ ಮನೆ ಹತ್ರ?"

ಹನ್ನೊಂದು ಮನೆಯವರ ಬೆರಳುಗಳೂ ಒಟ್ಟಿಗೇ ಧರ್ಮೇಶನ ಕಡೆ ತಿರುಗಿದವು.

ಸದ್ದು ನಿಂತಿತೆಂದು ಸಂಜೆಯೊಳಗೆ ಎಲ್ಲರೂ ಕೋಳಿ ಸಮೇತ ಮನೆ ಸೇರಿದರು. ಧರ್ಮೇಶನ ಮನೆಯ ಸುತ್ತ ಮಾತ್ರ ಕೆಂಪು ಟೇಪು ಬಿತ್ತು: 'ಅಪಾಯ. ಹದಿನೈದು ದಿನ ಪ್ರವೇಶವಿಲ್ಲ.'

ಪೆಟ್ಟಿಗೆ ಹೊತ್ತು ನಿಂತಿದ್ದವನ ಬೆನ್ನು ತಟ್ಟಿ ಸಾಹೇಬರು ಜೀಪು ಹತ್ತಿದರು.

"ಬೆಳಗ್ಗೆ ನೀವು ಮನೇಲಿರ್ಲಿಲ್ಲ ನೋಡಿ, ಬದುಕಿದ್ರಿ!"