ಎಂಟು ಚೌಕದ ಊರು

ಕೆಂಪರಾಜುವಿನ ಊರು ಮಂಡ್ಯ ಜಿಲ್ಲೆಯ ಮಾರಕ್ಕನಹಳ್ಳಿ. ಸ್ಯಾನ್ ಫ್ರಾನ್ಸಿಸ್ಕೋದ ಟೂರ್ ಕಂಪನಿಯೊಂದರಲ್ಲಿ ವ್ಯಾನ್ ಓಡಿಸುವ ಕೆಲಸಕ್ಕೆ ಅರ್ಜಿ ತುಂಬುವಾಗ 'ಹುಟ್ಟಿದ ಊರು' ಎಂಬಲ್ಲಿ ಇದ್ದದ್ದು ಎಂಟೇ ಚೌಕ. ಚೌಕಕ್ಕೊಂದು ಇಂಗ್ಲಿಷ್ ಅಕ್ಷರ ಕೂರಿಸುತ್ತಾ ಹೋದ. 'ಮಾರಕ್ಕನ್' ಎಂಬಲ್ಲಿಗೆ ಚೌಕ ಮುಗಿದವು. ಹಳ್ಳಿ ಎಂದಿನಂತೆ ಹೊರಗೇ ಉಳಿಯಿತು.

ಮಾಲೀಕ ಕ್ರಾಲಿ ಅದನ್ನು ಓದಿ, "ಮರಕೇಶ್! ನೀನು ಮೊರಾಕೊದವನು!" ಎಂದು ಮೇಜು ಗುದ್ದಿದ. ಭೂಪಟದಲ್ಲಿ ಕಂದು ಮೈಯ ಜನ ಇರುವ ಜಾಗವೆಲ್ಲ ಅವನಿಗೆ ಒಂದೇ ಓಣಿ. ಕೆಂಪರಾಜು ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದ. ನಮ್ಮ ಕಡೆ ಆ ತಲೆಯಾಟಕ್ಕೆ ಹೌದು, ಅಲ್ಲ, ನೋಡೋಣ, ನಿಮ್ಮಿಷ್ಟ ಎಂಬ ನಾಲ್ಕು ಅರ್ಥ. ಕ್ರಾಲಿ ತನಗೆ ಬೇಕಾದದ್ದನ್ನು ಆರಿಸಿಕೊಂಡ. ದೇಶ ಯಾವುದೆಂದು ಕೇಳುವ ಚೌಕ ಆ ಫಾರಂನಲ್ಲೇ ಇರಲಿಲ್ಲ.

ಎರಡು ವರ್ಷ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ವ್ಯಾನ್ ಓಡಿಸುವವನ ಊರು ಯಾರಿಗೆ ಬೇಕು? ತೊಂದರೆ ಬಂದದ್ದು ಸಾವಿರದ ಒಂಬೈನೂರ ಎಂಬತ್ತೈದರ ಅಕ್ಟೋಬರಿನ ಒಂದು ಶನಿವಾರ.

ಆ ಮಧ್ಯಾಹ್ನ ಮಾರ್ಕೆಟ್ ಸ್ಟ್ರೀಟಿನ ಹೋಟೆಲೊಂದರಲ್ಲಿ ಕಂಪನಿಯ ಮೊರಾಕೊ ಪ್ರವಾಸದ ಪ್ರಚಾರದ ಊಟ. ನಲವತ್ತು ಜನ ಬರುವವರಿದ್ದರು. ಮರಕೇಶಿನಿಂದ ಅಸಲಿ ಲೋಕಲ್ ಗೈಡ್ ಬಂದು ಸ್ಲೈಡು ತೋರಿಸಿ ಮಾತಾಡಬೇಕಿತ್ತು. ಅವನ ವಿಮಾನ ಮಂಜಿನಲ್ಲಿ ಇಳಿಯಲಾಗದೆ ಎಲ್ಲೋ ಲಾಸ್ ಏಂಜಲೀಸಿನತ್ತ ಹೊರಟುಹೋಯಿತು. ಕುರ್ಚಿ ಜೋಡಿಸುತ್ತಿದ್ದ ಕೆಂಪರಾಜುವಿನ ಹೆಗಲ ಮೇಲೆ ಕ್ರಾಲಿಯ ಕೈ ಬಿತ್ತು.

"ರಾಜ್, ನೀನೇ ಇದ್ದೀಯಲ್ಲ! ಇವತ್ತು ನೀನೇ ಲೋಕಲ್ ಗೈಡ್."

"ಸರ್, ನಾನು..."

ಕ್ರಾಲಿ ಕೋಟಿನ ಒಳಜೇಬಿನಿಂದ ಒಂದು ಲಕೋಟೆಯ ತುದಿಯನ್ನಷ್ಟೇ ಎಳೆದು ತೋರಿಸಿದ. "ನಿನ್ನ ಪತ್ರ. ಟೈಪ್ ಆಗಿದೆ. ಜನ ಚಪ್ಪಾಳೆ ಹೊಡೆದರೆ ಸಹಿ ಹಾಕುತ್ತೇನೆ."

ಕೆಂಪರಾಜು ಕೈಲಿದ್ದ ಕುರ್ಚಿಯನ್ನು ಕೆಳಗಿಟ್ಟ. ಶ್ರೀರಂಗಪಟ್ಟಣದ ಕೋಟೆಯಲ್ಲಿ ಗೈಡಾಗಿದ್ದವನನ್ನು ಬರ್ಕ್ಲಿಯ ಪ್ರೊಫೆಸರೊಬ್ಬರು ತಮ್ಮ ಸಂಶೋಧನೆಗೆ ನೆರವಾಗಲೆಂದು ಕರೆತಂದಿದ್ದರು. ಸಂಶೋಧನೆ ಮುಗಿಯಿತು, ಪ್ರೊಫೆಸರು ನಿವೃತ್ತರಾದರು. ವೀಸಾ ಇನ್ನು ಒಂಬತ್ತೇ ದಿನ. ಈ ಮನುಷ್ಯನ ಕೆಲಸ ಬೇರೆಯವರಿಂದಾಗದು ಎಂದು ಮಾಲೀಕ ಬರೆದುಕೊಟ್ಟರೆ ಉಳಿಯಬಹುದು, ಹೆಂಡತಿ ಮರಿತಾಯಮ್ಮನನ್ನು ಕರೆಸಿಕೊಳ್ಳಬಹುದು. ಇಲ್ಲವಾದರೆ ಗಂಟು ಕಟ್ಟಬೇಕು. ಮೂರು ತಿಂಗಳಿನಿಂದ ಆ ಒಂದು ಹಾಳೆಗಾಗಿ ಕ್ರಾಲಿಯ ಕಾರು ತೊಳೆದಿದ್ದ, ಹುಲ್ಲು ಕತ್ತರಿಸಿದ್ದ, ಅವನ ನಾಯಿಗೆ ಸ್ನಾನ ಮಾಡಿಸಿದ್ದ.

ಗೈಡಿನ ನಿಲುವಂಗಿ ಪಾರ್ಸೆಲಿನಲ್ಲಿ ಮೊದಲೇ ಬಂದಿತ್ತು. ಕಂದು ಉಣ್ಣೆ, ಹಿಂದೆ ಚೂಪು ಟೋಪಿ. ಮಳೆಗಾಲದಲ್ಲಿ ಅವನಪ್ಪ ಹೊದೆಯುತ್ತಿದ್ದ ಕಂಬಳಿಕೊಪ್ಪೆಯ ಅಣ್ಣನಂತಿತ್ತು. ಅದನ್ನು ತೊಟ್ಟು ಪರದೆಯ ಸಂದಿಯಿಂದ ಸಭೆಯತ್ತ ಇಣುಕಿದ.

ಮೊದಲ ಸಾಲಿನಲ್ಲಿ ಸನ್ನಿವೇಲಿನ ಎಂಜಿನಿಯರು ಶೇಷಾದ್ರಿ ಮತ್ತು ಅವರ ಹೆಂಡತಿ ಪದ್ಮಜಾ! ಊರಿನ ಕನ್ನಡ ಬಳಗ ನಡೆಯುವುದೇ ಅವರ ಮನೆಯಿಂದ. ಕಳೆದ ಯುಗಾದಿಗೆ ಬಳಗದ ಹಿರಿಯರನ್ನೆಲ್ಲ ವ್ಯಾನಿನಲ್ಲಿ ಕರೆದೊಯ್ದವನು ಕೆಂಪರಾಜು. ಒಳಗೆ ಭಾವಗೀತೆ ನಡೆಯುವಷ್ಟು ಹೊತ್ತೂ ಪಾರ್ಕಿಂಗ್ ಲಾಟಿನಲ್ಲಿ ವ್ಯಾನಿನೊಳಗೇ ಕೂತಿದ್ದ. ಪದ್ಮಜಾ ಅವರೇ ಬಂದು ಕಿಟಕಿಯೊಳಗೆ ಕಾಗದದ ತಟ್ಟೆ ತೂರಿಸಿ, "ಡ್ರೈವರ್, ತಗೊಳಪ್ಪ" ಎಂದಿದ್ದರು. ಆ ಮುಖವನ್ನು ಅವನು ಮರೆತಿರಲಿಲ್ಲ. ಅವರೂ ತನ್ನನ್ನು ಮರೆತಿರಲಾರರು ಎಂದುಕೊಂಡು ಬೆವತ. ಅವರು ಬಾಯಿ ತೆರೆದರೆ ಲಕೋಟೆ ಚೂರುಚೂರು.

ಬೇರೆ ದಾರಿಯಿರಲಿಲ್ಲ. ವೇದಿಕೆ ಹತ್ತಿದ. ಶೇಷಾದ್ರಿ ಅವನನ್ನು ಮೇಲಿಂದ ಕೆಳಗೆ ನೋಡಿದರು. ಪದ್ಮಜಾ ನೋಡಿದರು.

"ಎಷ್ಟ್ ಗಂಭೀರವಾಗಿದಾನೆ ಅಲ್ವೇನ್ರೀ," ಎಂದರು ಪದ್ಮಜಾ. "ಅರಬ್ಬರ ಕಳೇನೇ ಬೇರೆ."

ಗುರುತು ಹತ್ತಲಿಲ್ಲ! ಹತ್ತುವುದಾದರೂ ಹೇಗೆ? ಅಂದು ತಟ್ಟೆ ಕೊಟ್ಟವರು ಮುಖ ನೋಡಿದ್ದರೆ ತಾನೆ.

ಆದರೆ ಸಮಾಧಾನದ ಉಸಿರು ಬಿಡುವ ಮೊದಲೇ ಕ್ರಾಲಿ ಮೈಕಿನಲ್ಲಿ ಕೂಗಿದ: "ಮೊದಲು ನಿನ್ನ ಭಾಷೆಯಲ್ಲೇ ಸ್ವಾಗತ ಹೇಳು, ರಾಜ್!"

ಅವನ ಭಾಷೆ! ಅವನಿಗೆ ಇದ್ದದ್ದು ಒಂದೇ. ಅದನ್ನು ಆಡುವ ಬಳಗವೇ ಎದುರಿಗೆ ಕೂತಿದೆ. ನಲವತ್ತು ಜೊತೆ ಕಣ್ಣು ಕಾಯುತ್ತಿದ್ದವು. ಕ್ರಾಲಿಯ ಕೈ ಒಳಜೇಬನ್ನು ಸವರುತ್ತಿತ್ತು. ಕೆಂಪರಾಜು ಕಣ್ಣು ಮುಚ್ಚಿಕೊಂಡು, ಬೆನ್ನಟ್ಟಿಸಿಕೊಂಡ ಹೋರಿಯ ವೇಗದಲ್ಲಿ ಬಾಯಿ ಬಿಟ್ಟ:

"ಅಪ್ಪಂದ್ರಾ, ಅವ್ವಂದ್ರಾ, ಈ ವಯ್ಯ ನನ್ ಕತ್ಗೆ ಅಗ್ಗ ಆಕ್ಬುಟ್ಟವ್ನೆ! ಮುಂದ್ಗಡೀಕೆ ನಮ್ಮೋರೇ ಇಬ್ರು ಕುಂತವ್ರೆ, ಬಾಯ್ಬುಟ್ರೆ ಕೆಟ್ಟೆ! ವಸಿ ಉಂಡ್ಕಂಡು ಸುಮ್ಕೆ ಎದ್ದೋಗ್ರಪ್ಪೋ!"

ಸಭೆ ಚಪ್ಪಾಳೆ ತಟ್ಟಿತು. "ಸಾವಿರ ದೀಪಗಳ ನಾಡಿಗೆ ಸುಸ್ವಾಗತ ಎನ್ನುತ್ತಿದ್ದಾನೆ," ಎಂದು ಕ್ರಾಲಿ ಅನುವಾದಿಸಿದ.

ಪದ್ಮಜಾ ಹುಬ್ಬು ಗಂಟಿಕ್ಕಿದರು. "ರೀ, ಒಂಥರಾ ಕನ್ನಡದ ಹಾಗೇ ಕೇಳಿಸ್ತಲ್ವಾ?"

"ಛೆ, ಅರೇಬಿಕ್ ಕಣೇ. ಕನ್ನಡ ಆಗಿದ್ರೆ ನಂಗೆ ಅರ್ಥ ಆಗ್ತಿರ್ಲಿಲ್ವಾ?"

ಸ್ಲೈಡುಗಳು ಒಂದೊಂದಾಗಿ ಬಿದ್ದವು. ಕೆಂಪು ಗೋಡೆ ಬಂತು. ಕೆಂಪರಾಜು ಶ್ರೀರಂಗಪಟ್ಟಣದ ಕೋಟೆಯ ಪಾಠವನ್ನೇ ಇಂಗ್ಲಿಷಿನಲ್ಲಿ ಒಪ್ಪಿಸಿದ. ಎತ್ತರದ ಗೋಪುರ ಬಂತು. ಅಲ್ಲಿಂದ ಸುಲ್ತಾನ ಶತ್ರುವಿನ ದಂಡು ನೋಡುತ್ತಿದ್ದ ಎಂದ. ಹಾವಾಡಿಗರ ಚೌಕ ಬಂತು. ಸೋಮವಾರದ ಸಂತೆ ಎಂದ.

"ಅಲ್ಲಿ ವೆಜಿಟೇರಿಯನ್ ಸಿಗುತ್ತಾ?" ಎಂದು ಪದ್ಮಜಾ ಇಂಗ್ಲಿಷಿನಲ್ಲಿ ಕೇಳಿದರು.

"ಬೇಕಾದಷ್ಟು, ಮೇಡಂ. ಅವರೆಕಾಳು," ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡ. ಪದ್ಮಜಾ ಅದನ್ನು ಅರೇಬಿಕ್ ಪದವೆಂದು ಪುಸ್ತಕದಲ್ಲಿ ಬರೆದುಕೊಂಡರು.

ಕೊನೆಯ ಸ್ಲೈಡಿನ ಹೊತ್ತಿಗೆ ಅಡುಗೆಮನೆಯ ಬಾಗಿಲು ತೆರೆಯಿತು. ಪುದೀನ ಚಹಾದ ಕೆಟಲು ಹಿಡಿದು ವಯಸ್ಸಾದ ಹೆಂಗಸೊಬ್ಬಳು ಬಂದಳು.

"ಇವಳು ಜೊಹ್ರಾ, ಈ ಹೋಟೆಲಿನ ಅಡುಗೆಯವಳು," ಎಂದ ಕ್ರಾಲಿ. "ಹುಟ್ಟಿದ್ದು ಮರಕೇಶ್! ಜೊಹ್ರಾ, ನಿಮ್ಮೂರಿನವನನ್ನು ನಿಮ್ಮ ಭಾಷೆಯಲ್ಲಿ ಮಾತಾಡಿಸು!"

ಜೊಹ್ರಾ ಕೆಂಪರಾಜುವನ್ನೇ ದಿಟ್ಟಿಸಿ, ತನ್ನ ಭಾಷೆಯಲ್ಲಿ ಏನೋ ಕೇಳಿದಳು. ಪ್ರಶ್ನೆ ಎಂಬುದಷ್ಟೇ ತಿಳಿಯಿತು. ಪ್ರೊಜೆಕ್ಟರಿನ ಫ್ಯಾನು ಗುಂಯ್‌ಗುಟ್ಟುತ್ತಿತ್ತು.

"ಅವ್ವಾ," ಎಂದ ಕೆಂಪರಾಜು. "ನಿನ್ನ ದಮ್ಮಯ್ಯ ಅಂತೀನಿ ಕನವ್ವಾ. ನನ್ ಬಾಳು ನಿನ್ ಕೈಲದೆ. ಆಗಾಕಿಲ್ಲ ಅನ್ಬ್ಯಾಡ."

ಜೊಹ್ರಾಳಿಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ನಿಲುವಂಗಿಯ ತೋಳಿನ ಮರೆಯಲ್ಲಿ ಮುಗಿದಿದ್ದ ಕೈಗಳನ್ನು ನೋಡಿದಳು. ಆಮೇಲೆ ಕ್ರಾಲಿಯ ಮುಖ ನೋಡಿದಳು. ತಟ್ಟನೆ ಗೊಳ್ಳೆಂದು ನಕ್ಕು, ಅವನ ಕೆನ್ನೆ ತಟ್ಟಿ, ಇಂಗ್ಲಿಷಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು: "ನಮ್ಮ ಓಣಿಯ ಹುಡುಗ! ಇವನ ತಾಯಿ ರೊಟ್ಟಿ ಸುಡುವ ವಾಸನೆ ನಮ್ಮ ಮನೆಗೆ ಬರುತ್ತಿತ್ತು!"

ಸಭೆ ಎದ್ದು ನಿಂತಿತು. ಚಹಾ ಬಗ್ಗಿಸುವ ನೆಪದಲ್ಲಿ ಬಾಗಿ ಜೊಹ್ರಾ ಪಿಸುಗುಟ್ಟಿದಳು: "ಹೆದರಬೇಡ, ಮಗನೇ. ನನಗೂ ಒಬ್ಬ ಮಾಲೀಕ ಇದ್ದಾನೆ."

ಇಪ್ಪತ್ತಾರು ಜನ ಅಲ್ಲೇ ಹೆಸರು ಬರೆಸಿದರು. ಕ್ರಾಲಿ ಕುಣಿಯುವುದೊಂದು ಬಾಕಿ. ಎಲ್ಲರ ಮುಂದೆ ಲಕೋಟೆ ತೆಗೆದು, ಪತ್ರದ ಮೇಲೆ ಸಹಿ ಎಳೆದು, "ಜೊಹ್ರಾಳ ಸಾಕ್ಷಿ ಸಹಿಯೂ ಇರಲಿ," ಎಂದು ಅವಳಿಂದಲೂ ಬರೆಸಿ ಕೈಗಿತ್ತ.

ಕೆಂಪರಾಜು ಪತ್ರವನ್ನು ಕಣ್ಣಿಗೊತ್ತಿಕೊಂಡ. ಆಮೇಲೆ ಓದಿದ. 'ಈತನು ಮೊರಾಕೊ ದೇಶದ ಮರಕೇಶ್ ನಗರದಲ್ಲಿ ಹುಟ್ಟಿ ಬೆಳೆದವನಾದ್ದರಿಂದ, ಈ ಕೆಲಸ ಬೇರಾರಿಂದಲೂ ಆಗದೆಂದು...'

ಅವನ ಪಾಸ್‌ಪೋರ್ಟಿನಲ್ಲಿ ಮೂರು ಸಿಂಹಗಳಿದ್ದವು. ಈ ಪತ್ರವನ್ನು ಅದರ ಜೊತೆಗಿಟ್ಟರೆ ಒಂಬತ್ತು ದಿನವೂ ಬೇಕಿಲ್ಲ, ಅದೇ ಸಂಜೆ ವಿಮಾನ ಹತ್ತಿಸುತ್ತಾರೆ.

ಕ್ರಾಲಿಯನ್ನು ಮೂಲೆಗೆ ಕರೆದು ಪೂರ್ತಿ ಕಕ್ಕಿದ. "ಸರ್, ನಾನು ಇಂಡಿಯಾದವನು. ಪತ್ರದಲ್ಲಿ ಅದೊಂದನ್ನು ತಿದ್ದಿಕೊಡಿ."

ಕ್ರಾಲಿಯ ಮುಖ ಸುಣ್ಣದಂತಾಯಿತು. "ಇಪ್ಪತ್ತಾರು ಜನ ನಿನ್ನನ್ನು ನಂಬಿ ಹೆಸರು ಬರೆಸಿದ್ದಾರೆ. ನಿನ್ನ ಓಣಿಯವಳೇ ಸಾಕ್ಷಿ ಹಾಕಿದ್ದಾಳೆ. ನೀನು ಇಂಡಿಯಾದವನು ಅಂತ ಹೇಳೋರು ಯಾರಿದ್ದಾರೆ?"

ಕೆಂಪರಾಜು ಸುತ್ತ ನೋಡಿದ. ಶೇಷಾದ್ರಿ ದಂಪತಿ ಕೋಟು ತೊಡುತ್ತಿದ್ದರು. ಯಾರ ಕಣ್ಣಿಗೆ ಬೀಳಬಾರದೆಂದು ಎರಡು ಗಂಟೆ ಬೆವತಿದ್ದನೋ ಅವರತ್ತಲೇ ಓಡಿದ. ಕ್ರಾಲಿಯೂ ಹಿಂದೆಯೇ ಬಂದ.

"ಸಾ, ನಾನ್ ಮಂಡ್ಯದೋನು ಸಾ. ಕನ್ನಡದೋನು. ಈ ವಯ್ಯನ್ಗೆ ವಸಿ ಯೋಳಿ ಸಾ."

ಶೇಷಾದ್ರಿಯ ಕೋಟು ಅರ್ಧ ತೋಳಿನಲ್ಲೇ ನಿಂತಿತು. "ಪದ್ಮಜಾ! ಕೇಳಿದ್ಯಾ? ಕನ್ನಡ!"

"ಅಯ್ಯೋ ರಾಮಾ, ಎಲ್ಲಿ ಕಲಿತ್ರಿ? ಎಷ್ಟ್ ತಿಂಗಳಾಯ್ತು?"

"ಕಲೀನಿಲ್ಲ ಕನವ್ವಾ, ಉಟ್ಟಿದ್ದೇ ಅದ್ರಲ್ಲಿ!"

"ಉಟ್ಟಿದ್ದಲ್ಲ, ಹುಟ್ಟಿದ್ದು. ಹ, ಹ. ಹೊಟ್ಟೆಯಿಂದ ಬರ್ಬೇಕು. ಉಟ್ಟಿದ್ದು ಅಂದ್ರೆ ಬಟ್ಟೆ," ಎಂದು ಪದ್ಮಜಾ ಪ್ರೀತಿಯಿಂದ ತಿದ್ದಿದರು. "ನಮ್ ಮಕ್ಕಳು ಮನೇಲಿ ಒಂದು ಮಾತಾಡಲ್ಲ. ಎಲ್ಲಿಂದಲೋ ಬಂದ ಈ ಅರಬ್ಬನ್ನ ನೋಡಿ ಕಲೀಬೇಕು. ರೀ, ರಾಜ್ಯೋತ್ಸವಕ್ಕೆ ಇವರನ್ನೇ ಮುಖ್ಯ ಅತಿಥಿಯಾಗಿ ಕರಿಯೋಣ. ಶಾಲು ಹೊದಿಸೋಣ!"

"ಇವನು ನಿಮ್ಮ ದೇಶದವನೇ?" ಎಂದು ಕ್ರಾಲಿ ನೇರವಾಗಿ ಕೇಳಿದ.

ಶೇಷಾದ್ರಿ ಇಂಗ್ಲಿಷಿನಲ್ಲಿ ಖಡಾಖಂಡಿತವಾಗಿ ಹೇಳಿದರು: "ಖಂಡಿತ ಅಲ್ಲ. ನಮ್ಮವರು ನಮಗೆ ಗೊತ್ತಾಗುವುದಿಲ್ಲವೇ? ಭಾಷೆ ಕಲಿತಿದ್ದಾನೆ, ಅಷ್ಟೇ. ಉಚ್ಚಾರಣೆ ಇನ್ನೂ ಸಾಲದು."

"ಹೆದರಿಸಿಬಿಟ್ಟೆಯಲ್ಲೋ ರಾಜ್!" ಎಂದು ಕ್ರಾಲಿ ನಕ್ಕು, ಪತ್ರವನ್ನು ಮಡಿಸಿ ಅವನ ನಿಲುವಂಗಿಯ ಜೇಬಿಗೆ ತಾನೇ ತುರುಕಿದ.

ಕೆಂಪರಾಜುವಿನ ಒಳಗೆ ಏನೋ ಕಿತ್ತುಕೊಂಡು ಬಂತು. "ಥೂ, ನಿಮ್ ಮನೆ ಆಳಾಗ! ಅನ್ನ ಕೊಡುವಾಗ್ಲೂ ಮಖ ನೋಡ್ನಿಲ್ಲ, ಬಾಯ್ ಬಡ್ಕಂಡ್ರೂ ಕಿವಿ ಕೊಡ್ನಿಲ್ಲ, ಎಂತಾ ಜನ್ವಯ್ಯಾ ನೀವು!" ಎಂದು ಹೋಟೆಲಿನ ಗಾಜುಗಳು ನಡುಗುವಂತೆ ಅರಚಿದ.

"ಏನಂದ?" ಎಂದ ಕ್ರಾಲಿ.

ಶೇಷಾದ್ರಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ, "ಇದು ನಮಗೆ ತಿಳಿಯೋಲ್ಲ," ಎಂದರು. "ಇದು ಅವರ ಭಾಷೆ."