ಅಂಜಿನಮೂರ್ತಿಯ ನಿಂತ ಹರಕೆ

ಕೊರಟಗೆರೆಯಿಂದ ಮಧುಗಿರಿಗೆ ಹೊರಟಿದ್ದ ಬಸ್ಸಿನಲ್ಲಿ ಅರ್ಧಕ್ಕರ್ಧ ಸೀಟು ಖಾಲಿ. ಆದರೂ ಟೈಲರ್ ಅಂಜಿನಮೂರ್ತಿ ಕಂಬ ತಬ್ಬಿಕೊಂಡು ನಿಂತೇ ಇದ್ದ. ವರ್ಷಗಟ್ಟಲೆ ಹೊಲಿಗೆ ಮಿಷನ್ನಿನ ಮುಂದೆ ಕೂತ ಪುಣ್ಯಕ್ಕೆ ಅವನಿಗೆ ಮೂಲವ್ಯಾಧಿ ಬಂದಿತ್ತು. ಕೂತರೆ ಸೂಜಿಡಬ್ಬಿಯ ಮೇಲೆ ಕೂತಂತಾಗುತ್ತಿತ್ತು. ಹೆಂಡತಿಗೂ ಹೇಳಿರಲಿಲ್ಲ. ವಿಷಯ ಹೊರಬಿದ್ದರೆ ಅಳತೆ ಕೊಡಲು ಬಂದವರೆಲ್ಲ ಮುಸಿಮುಸಿ ನಗುತ್ತಾ ತನ್ನನ್ನೇ ಹಿಂದಿನಿಂದ ಅಳೆಯುತ್ತಾರೆಂಬ ಭಯ.

ಗ್ರಹಚಾರಕ್ಕೆ ಅದೇ ಬಸ್ಸಿನಲ್ಲಿ ಪಕ್ಕದ ಮನೆಯ ಪಟಾಲಮ್ಮ ಇದ್ದಳು.

"ಯಾಕ್ಲಾ ಅಂಜಿನಿ, ಸೀಟು ಐತಲ್ಲ, ಕೂತ್ಕಳ್ಳಾ."

"ಬ್ಯಾಡ ದೊಡ್ಡಮ್ಮ."

"ನೆನ್ನೆ ಬೀಗರೂಟದಾಗೂ ನಿಂತ್ಕಂಡೇ ಉಂಡೆ. ಏನ್ಲಾ ಸಮಾಚಾರ?"

ಬಸ್ಸಿನವರೆಲ್ಲ ತಿರುಗಿ ನೋಡಿದರು. ಅಂಜಿನಮೂರ್ತಿಗೆ ಬೆವರೊಡೆಯಿತು. ಕಿಟಕಿಯಾಚೆ ಯಾವುದೋ ಗುಡ್ಡ ಕಂಡಿತು. ಅದನ್ನು ನೋಡಿ ಊರ ಪಕ್ಕದ ಸಿದ್ದರಬೆಟ್ಟ ನೆನಪಾಯಿತು.

"ಹರಕೆ ದೊಡ್ಡಮ್ಮ. ಊರಿಗೆ ಒಳ್ಳೇದಾಗ್ಲಿ ಅಂತ ಬೆಟ್ಟದ ಸಿದ್ದಪ್ಪಂಗೆ ಹೊತ್ಕಂಡಿವ್ನಿ. ಅಮಾಸೆ ಗಂಟ ಕೂರಂಗಿಲ್ಲ."

ಅಮಾವಾಸ್ಯೆ ನಾಳೆಯೋ ನಾಡಿದ್ದೋ ಇರಬೇಕೆಂದು ಅವನ ಲೆಕ್ಕ. ಪಟಾಲಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ಅಮಾಸೆ ಮೊನ್ನೆ ತಾನೆ ಕಳೀತಲ್ಲೋ ನಮ್ಮಪ್ಪಾ! ಅಂದ್ರೆ ತಿಂಗಳೆಲ್ಲಾ ನಿಂತ್ಕಂಡಿರ್ತೀಯಾ!"

ಅವಳ ಕಣ್ಣು ತುಂಬಿತು. ಅಷ್ಟರಲ್ಲಿ ಬಸ್ಸು ಹಂಪ್ ಹಾರಿತು. "ಅಯ್ಯೋ ಸಿದ್ದಪ್ಪಾ!" ಎಂದು ಅಂಜಿನಮೂರ್ತಿ ಕಣ್ಣು ಮುಚ್ಚಿದ. ಅವನ ಭಕ್ತಿಗೆ ಇಡೀ ಬಸ್ಸು ಬೆರಗಾಯಿತು. ಮುಂದಿನ ಸೀಟಿನ ಮುದುಕರೊಬ್ಬರು ಎದ್ದು ಬಂದು ಕಾಲು ಮುಟ್ಟಿ ನಮಸ್ಕರಿಸಿದರು. ಪಟಾಲಮ್ಮ ಮೊಬೈಲ್ ತೆಗೆದು ಊರಿನ ಒಂದೊಂದೇ ಮನೆಗೆ ಫೋನ್ ಹಚ್ಚತೊಡಗಿದಳು.

ಮಧುಗಿರಿಯಲ್ಲಿ ಡಾಕ್ಟರ್ ಸಂಘಮಿತ್ರಾ ಪರೀಕ್ಷೆ ಮಾಡಿ, ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು.

"ಇದರಲ್ಲಿ ನಾಚಿಕೆ ಪಡೋದೇನೂ ಇಲ್ಲ. ಇಲ್ಲಿ ರಕ್ತನಾಳದ ಮೆತ್ತೆಗಳು ಎಲ್ಲರಿಗೂ ಇರ್ತವೆ. ಮಲಬದ್ಧತೆಯಾಗಿ ತಿಣುಕಿದರೆ, ಬಹಳ ಹೊತ್ತು ಕೂತೇ ಇದ್ದರೆ ಊದಿಕೊಳ್ತವೆ. ನಿಮ್ಮದು ಇನ್ನೂ ಶುರು."

"ಕುಯ್ಬೇಕಾ ಮೇಡಂ?"

"ಬೇಡಪ್ಪ. ಸೊಪ್ಪು, ತರಕಾರಿ, ಹಣ್ಣು ತಿನ್ನಿ, ನೀರು ಚೆನ್ನಾಗಿ ಕುಡೀರಿ. ಕಕ್ಕಸಿನಲ್ಲಿ ಮೊಬೈಲ್ ಹಿಡ್ಕೊಂಡು ಕೂರಬೇಡಿ. ಈ ಮುಲಾಮು ಹಚ್ಚಿ. ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ದಿನಕ್ಕೆ ಎರಡು ಸಲ ಹತ್ತು ಹದಿನೈದು ನಿಮಿಷ ಅದರಲ್ಲಿ ಕೂತ್ಕೊಳ್ಳಿ. ರಕ್ತ ಬಂದರೆ ಮಾತ್ರ ತಡ ಮಾಡದೆ ಬನ್ನಿ."

ಅಂಜಿನಮೂರ್ತಿ ಆ ಚಿತ್ರವನ್ನೇ ಬೆರಗಿನಿಂದ ನೋಡಿದ. ಇಷ್ಟು ದಿನ ನಿದ್ದೆ ಕೆಡಿಸಿದ ಭೂತ ಇಷ್ಟೇನಾ! ಡಾಕ್ಟರಮ್ಮನ ಕಾಲಿಗೆ ಬೀಳೋಣವೆನ್ನಿಸಿತು. ಬಗ್ಗಿದರೆ ನೋಯುತ್ತದೆಂದು ಕೈ ಮಾತ್ರ ಮುಗಿದ.

ಹೊರಗೆ ಬಂದವನೇ ಹೆಂಡತಿ ಗಂಗಲಕ್ಷ್ಮಮ್ಮನಿಗೆ ಫೋನ್ ಮಾಡಿದ. "ಲೇ, ದೊಡ್ಡ ಟಬ್ಬಿಗೆ ಬೆಚ್ಚನೆ ನೀರು ಹಾಕಿಡು. ಯಾಕೇಂತ ಬಂದು ಹೇಳ್ತೀನಿ."

"ಹೇಳೋದೇನೂ ಬ್ಯಾಡ ಕಣ್ರೀ, ನಂಗೆಲ್ಲಾ ಗೊತ್ತಾಯ್ತು," ಎಂದವಳೇ ಫೋನ್ ಇಟ್ಟುಬಿಟ್ಟಳು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನು ಆ ಬೆಚ್ಚನೆ ನೀರನ್ನೇ ನೆನೆಯುತ್ತಾ ನಿಂತಿದ್ದ. ಇನ್ನೊಂದು ಗಂಟೆ, ಇನ್ನರ್ಧ ಗಂಟೆ, ಆಮೇಲೆ ಬಚ್ಚಲ ಬಾಗಿಲು ಹಾಕಿಕೊಂಡು ಕೂತುಬಿಡುವುದು.

ಮನೆ ಮುಂದೆ ಊರಿಗೆ ಊರೇ ನೆರೆದಿತ್ತು. ಅಂಗಳದ ನಡುವೆ ರಂಗೋಲಿ, ರಂಗೋಲಿಯ ಮೇಲೆ ಅದೇ ದೊಡ್ಡ ಟಬ್ಬು. ಹಬೆಯಾಡುವ ನೀರಿನಲ್ಲಿ ಅರಿಶಿನ, ಮೇಲೆ ಸೇವಂತಿಗೆ ಹೂವು. ಗಂಗಲಕ್ಷ್ಮಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು.

"ಪಾದಪೂಜೆಗೆ ನೀರು ಕಾಸಿಡು ಅಂತ ಅವರೇ ಹೇಳಿದ್ರು ಕಣಮ್ಮ," ಎಂದು ಪಕ್ಕದಲ್ಲಿ ನಿಂತಿದ್ದ ಓಣಿಯ ಗೌರಕ್ಕನಿಗೆ ಹೆಮ್ಮೆಯಿಂದ ಹೇಳುತ್ತಿದ್ದಳು.

ಹಾರ ಬಿತ್ತು. ನಾಲ್ಕು ಜನ ಅವನನ್ನು ಎತ್ತಿ ಟಬ್ಬಿನೊಳಗೆ ನಿಲ್ಲಿಸಿದರು. ಬೆಚ್ಚನೆ ನೀರು ಪಾದಕ್ಕೆ ತಗಲುತ್ತಲೇ ಮಂಡಿ ತಾನಾಗಿ ಮಡಚಿಕೊಂಡಿತು. ತಕ್ಷಣ ಊರ ಹಿರಿಯ ನಾಗಲಿಂಗಯ್ಯ ಅವನ ಕಂಕುಳಿಗೆ ಕೈಕೊಟ್ಟು ಮೇಲೆತ್ತಿದ.

"ಹುಷಾರು ಅಂಜಿನಿ! ನೀನು ಕೂತ್ರೆ ಊರಿಗೇ ಕೇಡು. ನೀನೇನೂ ಹೆದರ್ಬ್ಯಾಡ. ಹಗಲೂ ರಾತ್ರಿ ಸರದಿ ಮ್ಯಾಲೆ ನಾವು ನಿನ್ನ ಹಿಡ್ಕಂಡಿರ್ತೀವಿ."

ಅಂಜಿನಮೂರ್ತಿಯ ಕಣ್ಣಲ್ಲಿ ದಳದಳ ನೀರು ಸುರಿಯಿತು.

"ನೋಡ್ರಮ್ಮ, ಏನು ಭಕ್ತಿ!" ಎಂದಳು ಅವನಿಗಿಂತ ಮೊದಲೇ ಊರು ಸೇರಿದ್ದ ಪಟಾಲಮ್ಮ. ಜನ ಕೈಮುಗಿದರು. ಆಮೇಲೆ ಒಬ್ಬೊಬ್ಬರೇ ಬಂದು ಚೊಂಬಿನಲ್ಲಿ ನೀರು ಮೊಗೆದು ಅವನ ಕಾಲಿಗೆ ಹೊಯ್ಯತೊಡಗಿದರು. ಆ ಸಂಜೆ ಡಾಕ್ಟರಮ್ಮ ಹೇಳಿದ್ದಕ್ಕಿಂತಲೂ ಬಹಳ ಹೊತ್ತು ಅಂಜಿನಮೂರ್ತಿ ಟಬ್ಬಿನ ಬೆಚ್ಚನೆ ನೀರಿನಲ್ಲೇ ಇದ್ದ, ಹಿಮ್ಮಡಿ ಮುಳುಗುವಷ್ಟು.